ಹೊಸ ಬಣ್ಣದ ಹಳೆಯ ಫಿಯಟ್

ಹಳೆಯ ಕಾಲದ ಫಿಯಟ್ ಕಾರೊಂದನ್ನು ಕೊಳ್ಳಬೇಕೆಂಬ ಆಸೆ ಇತ್ತೀಚೆಗೆ ನನ್ನ ಪರಿಚಯದ ಅನೇಕರಲ್ಲಿ ಚಿಗುರಿದೆ. ಅಪ್ಪನೋ ದೊಡ್ಡಪ್ಪನೋ ಓಡಿಸುತ್ತಿದ್ದ ಕಾರು, ಮದುವೆ ದಿಬ್ಬಣಕ್ಕೆಂದು ಊರವರೆಲ್ಲ ಕೇಳಿ ಪಡೆಯುತ್ತಿದ್ದ ಕಾರು, ಕೈಯಲ್ಲಿ ನಾಲ್ಕು ಕಾಸು ಇರುವ ಈ ಕಾಲದಲ್ಲಿ ನಮ್ಮ ಮನೆಯ ಮುಂದೂ ನಿಲ್ಲಲಿ ಎಂಬ ಆಸೆ ಅದು. ನನ್ನ ಮನೆಯ ಮುಂದೆ ಅಂಥದೊಂದು ಬಹುಕಾಲದಿಂದ ನಿಂತಿರುವುದರಿಂದ ಆ ಆಸೆ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಮುಂಗಡ ಕೊಡುವ ಮೊದಲು ಒಮ್ಮೆ ಬಂದು ನೋಡಿ ಎಂದು ಯಾರಾದರೂ ಕರೆದರೆ ಸಂತೋಷದಿಂದ ಹೋಗುತ್ತೇನೆ. ಆದರೆ ಅವರು ಮುಂಚಿತವಾಗಿ ಫೋನಿಗೆ ಕಳಿಸುವ ಚಿತ್ರಗಳನ್ನು ನೋಡುವಾಗಲೇ ನನ್ನೊಳಗೆ ಕಳವಳ ಶುರುವಾಗಿರುತ್ತದೆ. ಬಂಪರಿಗೆ ಹೊಸ ಕ್ರೋಮ್, ಸೀಟಿಗೆ ಹೊಸ ರೆಕ್ಸಿನ್, ಬಿಳಿ ಪಟ್ಟಿಯ ಟೈರು, ಮೈಗೆ ಕಳೆದ ತಿಂಗಳು ಹೊಡೆದ ಕೆನೆಬಣ್ಣ. ಕೆಳಗೆ ‘ಫುಲ್ ರೆಸ್ಟೋರ್ಡ್’ ಎಂಬ ಒಕ್ಕಣೆ. ಮಿಂಚುವ ಆ ಮೈಯನ್ನು ನೋಡಿ ಕೊಳ್ಳುವವರ ಮನಸ್ಸು ಸೋತಿರುತ್ತದೆ. ನನಗಾದರೋ, ಬಣ್ಣ ಮಾಸಿದ, ಮಡ್‌ಗಾರ್ಡಿನ ಅಂಚಿನಲ್ಲಿ ತುಕ್ಕು ಕಾಣುವ, ಸೀಟಿನ ಹೊಲಿಗೆ ಬಿಟ್ಟುಹೋದ ಕಾರಿನ ಮೇಲೆಯೇ ಹೆಚ್ಚು ನಂಬಿಕೆ.

ಇದು ರುಚಿಯ ಪ್ರಶ್ನೆಯೆಂದು ಬಹಳ ದಿನ ನಾನೂ ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ. ಈಗೀಗ ಅದಕ್ಕೊಂದು ಲೆಕ್ಕಾಚಾರ ಇದೆಯೆಂದು ತೋರುತ್ತದೆ. ಪದ್ಮಿನಿ ಎಂದು ಹೆಸರಾದ ಆ ಫಿಯಟ್ಟೊಂದರ ಕೊಳೆತ ತಗಡನ್ನೆಲ್ಲ ಕತ್ತರಿಸಿ, ಹೊಸ ತಗಡು ಬಡಿದು ಕೂರಿಸಿ, ಬೆಸುಗೆ ಹಾಕಿ, ಆಮೇಲೆ ಬಣ್ಣ ಹೊಡೆಯಲು ತಗಲುವ ಖರ್ಚು ಬರಿಯ ಬಣ್ಣದ ಖರ್ಚಿನ ಹಲವು ಪಟ್ಟು. ಅಷ್ಟು ಹಣ, ಅಷ್ಟು ತಿಂಗಳು ಅದಕ್ಕೆ ಸುರಿದವರು ಕೆಲಸ ಮುಗಿದ ಮರುತಿಂಗಳೇ ಮಾರಲು ನಿಲ್ಲಿಸುವುದು ಅಪರೂಪ. ಹಾಗಾಗಿ ಮಾರಾಟಕ್ಕೆ ನಿಂತ ಕಾರಿನ ಬಣ್ಣ ತೀರಾ ಹೊಸದಾಗಿದ್ದರೆ, ಆ ಬಣ್ಣ ಮಾರಾಟಕ್ಕಾಗಿಯೇ ಬಂದಿರುವ ಸಾಧ್ಯತೆ ಹೆಚ್ಚು. ನಿಜವಾಗಿ ಕೆಲಸ ಮಾಡಿಸಿದವರೂ ಇದ್ದಾರೆ. ಅವರನ್ನು ಗುರುತಿಸುವುದು ಕಷ್ಟವೇನಲ್ಲ: ಬಣ್ಣ ಪೂರ್ತಿ ತೆಗೆದು ಬರಿ ತಗಡಿನಲ್ಲಿ ನಿಂತಿದ್ದ ಕಾರಿನ ಚಿತ್ರಗಳು ಅವರ ಬಳಿ ಇದ್ದೇ ಇರುತ್ತವೆ, ಕೇಳುವ ಮೊದಲೇ ತೋರಿಸುತ್ತಾರೆ.

ಮುಟ್ಟಿ ನೋಡಬೇಕಾದ ಜಾಗಗಳು

ಕುಂದಾಪುರದ ಕಡೆಯ ಒಂದು ಮನೆಯಂಗಳದಲ್ಲಿ ನೋಡಿದ ಪದ್ಮಿನಿ ಇಂದಿಗೂ ನನ್ನ ಕಣ್ಣ ಮುಂದಿದೆ. ಕೊಳ್ಳಬೇಕೆಂದಿದ್ದ ಗೆಳೆಯ, ನಾನು, ಜೊತೆಗೆ ನಮ್ಮೂರಿನ ಟಿಂಕರಿಂಗ್ ಮೇಸ್ತ್ರಿ, ಮೂವರೂ ಹೋಗಿದ್ದೆವು. ಮೇಸ್ತ್ರಿ ಅರವತ್ತು ದಾಟಿದವರು. ಫಿಯಟ್ಟುಗಳ ತಗಡು ಬಡಿಯುತ್ತಲೇ ತಲೆ ನರೆತವರು. ಕಾರು ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಮಾರುವವರು ಬೋನೆಟ್ ಎತ್ತಿ ಎಂಜಿನ್ ತೋರಿಸಲು ಮುಂದಾದರೆ, ಮೇಸ್ತ್ರಿ ಅತ್ತ ನೋಡದೆ ಚಪ್ಪಲಿ ಬಿಟ್ಟು ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತರು. ಜೇಬಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತದ ಚೂರೊಂದನ್ನು ತೆಗೆದು, ಬಣ್ಣ ಗೀರಬಾರದೆಂದು ಕರ್ಚೀಫಿನಲ್ಲಿ ಸುತ್ತಿ, ಬಾಗಿಲ ಕೆಳಅಂಚಿನುದ್ದಕ್ಕೂ ನಿಧಾನವಾಗಿ ಎಳೆದರು. ಮುಂದಿನ ಬಾಗಿಲ ನಡುವಿನವರೆಗೆ ಅದು ತಗಡನ್ನು ಕಚ್ಚಿಕೊಂಡೇ ಹೋಯಿತು. ಅಲ್ಲಿಂದಾಚೆ ಹಿಡಿತ ಬಿಟ್ಟು ಕರ್ಚೀಫಿನ ಸಮೇತ ಕೆಳಗೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಬೆರಳಗಂಟಿನಿಂದ ತಟ್ಟಿದರು. ಒಂದೆಡೆ ಟಣ್ ಎನ್ನುತ್ತಿದ್ದ ತಗಡು ಒಂದು ಗೇಣು ಆಚೆಗೆ ಗೋಡೆ ತಟ್ಟಿದ ಹಾಗೆ ಮಂಕಾಗಿ ಸದ್ದು ಮಾಡಿತು. “ಇಲ್ಲಿ ಪುಟ್ಟಿ ಬೆರಳು ದಪ್ಪ ಇದೆ ಸಾರ್, ತಗಡು ಇಲ್ಲ” ಎಂದರು, ಮಾರುವವರಿಗೆ ಕೇಳಿಸದಷ್ಟು ಮೆಲ್ಲಗೆ.

ಆಮೇಲೆ ಅವರು ಕೇಳಿದ್ದು ಕಾಲಡಿಯ ಮ್ಯಾಟ್ ಎತ್ತಲು ಅನುಮತಿ. ಹೊಸ ಮ್ಯಾಟಿನ ಕೆಳಗೆ ಹೊಸ ಕಪ್ಪು ಡಾಂಬರಿನಂಥ ಲೇಪ. ಕಾರಿನ ಅಡಿಗೂ ಅದನ್ನೇ ದಪ್ಪವಾಗಿ ಬಳಿದಿದ್ದರು. ತುಕ್ಕು ಬಾರದಿರಲೆಂದು ಬಳಿಯುವ ವಸ್ತುವೇ ಅದು; ಆದರೆ ತುಕ್ಕು ಬಂದ ಮೇಲೆ ಬಳಿದರೆ ಅದರಷ್ಟು ಚೆನ್ನಾಗಿ ಮುಚ್ಚುವ ವಸ್ತು ಇನ್ನೊಂದಿಲ್ಲ. ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯಂಥ ಭಾಗ, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಎನ್ನುವುದು, ಅದರ ತಳದಲ್ಲಿ ನೀರು ಬಸಿಯಲು ಸಣ್ಣ ತೂತುಗಳಿರುತ್ತವೆ. ಆ ಕಾರಿನಲ್ಲಿ ಎಲ್ಲವೂ ಮುಚ್ಚಿಹೋಗಿದ್ದವು, ಒಂದನ್ನು ಬಿಟ್ಟು. ಮೇಸ್ತ್ರಿ ಅಂಗಾತ ಮಲಗಿ ಆ ತೂತಿಗೆ ಟಾರ್ಚ್ ಹಿಡಿದು, ನನ್ನನ್ನೂ ಮಲಗಿ ನೋಡಲು ಹೇಳಿದರು. ಒಳಗಿನ ಕತ್ತಲಲ್ಲಿ ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರಗಳು ತಲೆಕೆಳಗಾಗಿ ಕಂಡವು. ಅಡುಗೆ ಎಣ್ಣೆಯ ಡಬ್ಬಿಯನ್ನು ಬಿಡಿಸಿ, ಅದರ ತಗಡನ್ನು ರಿವೆಟ್ ಹೊಡೆದು ಕೂರಿಸಿ, ಹೊರಗಿನಿಂದ ಪುಟ್ಟಿ ಮೆತ್ತಿ, ಉಜ್ಜಿ, ಕೆನೆಬಣ್ಣ ಹೊಡೆದಿದ್ದರು. ಹೊರಗೆ ನಿಂತವರಿಗೆ ಕಾಣುತ್ತಿದ್ದದ್ದು ಕನ್ನಡಿಯಂಥ ನುಣುಪು ಮಾತ್ರ.

ಇದು ಏಕೆ ಇಷ್ಟು ದೊಡ್ಡ ವಿಷಯ ಎಂಬುದನ್ನು ಹೇಳಬೇಕು. ಲಾರಿಗೋ ಹಳೆಯ ಜೀಪಿಗೋ ಇರುವಂತೆ ಪದ್ಮಿನಿಗೆ ಪ್ರತ್ಯೇಕ ಷಾಸಿ, ಅಂದರೆ ಮೈಯನ್ನು ಹೊರುವ ಬೇರೆಯೇ ಚೌಕಟ್ಟು, ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆ, ಕಂಬಗಳು, ಚಾವಣಿ, ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡು ಇಡೀ ಮೈಯೇ ಕಾರಿನ ಬಲವಾಗುತ್ತದೆ. ಅಂಬಾಸಿಡರಿನದೂ ಇದೇ ರೀತಿ. ಅದರ ತಗಡು ದಪ್ಪ ಎಂಬ ಕಾರಣಕ್ಕೆ ಅದಕ್ಕೆ ಷಾಸಿ ಇದೆಯೆಂದು ಅನೇಕರು ತಿಳಿದಿದ್ದಾರೆ. ಅಂದಿನ ಕಾರುಗಳ ಪೈಕಿ ಬೇರೆಯೇ ಚೌಕಟ್ಟಿನ ಮೇಲೆ ಮೈ ಕೂರಿಸಿದ್ದು ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿನಲ್ಲಿ. ಬೆಂಕಿಪೊಟ್ಟಣದ ಒಂದು ಬದಿಯ ರಟ್ಟು ನೆನೆದರೆ ಇಡೀ ಪೊಟ್ಟಣ ಓರೆಯಾಗುವಂತೆ, ಪದ್ಮಿನಿಯ ರನ್ನಿಂಗ್ ಬೋರ್ಡ್ ಕೊಳೆತರೆ ಕಾರು ನಡುವಿನಲ್ಲಿ ಕುಸಿಯತೊಡಗುತ್ತದೆ. ಅದರ ಗುರುತು ಬಾಗಿಲಿನಲ್ಲಿ ಸಿಗುತ್ತದೆ. ಬಾಗಿಲು ಮುಚ್ಚಿ, ಸುತ್ತಲಿನ ಸಂದನ್ನು ಮೇಲಿನಿಂದ ಕೆಳಗಿನವರೆಗೆ ನೋಡಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಅಥವಾ ತೆರೆಯುವಾಗ ಬಾಗಿಲು ಕೆಳಗೆ ಜಗ್ಗಿದರೆ ತಳವನ್ನು ಸಂಶಯಿಸಬೇಕು. ಕುಂದಾಪುರದ ಆ ಕಾರನ್ನು ಜಾಕಿನ ಮೇಲೆ ಎತ್ತಿ ನೋಡಲು ಮೇಸ್ತ್ರಿ ಒಪ್ಪಲಿಲ್ಲ. ಜಾಕ್ ಕೊಡುವ ಜಾಗ ತಡೆಯುವ ಭರವಸೆ ಅವರಿಗಿರಲಿಲ್ಲ. ಬೇರೆಯವರ ಕಾರಿನ ತಳ ನಮ್ಮ ಕೈಯಲ್ಲಿ ಮುರಿಯಬಾರದು ಎಂದರು. ಗೆಳೆಯ ಅಂದು ಮುಂಗಡ ಕೊಡದೆ ಮರಳಿದ.

ಕರಾವಳಿಯ ಕಾರೆಂದರೆ ಹೀಗೇ ಎಂದು ನಾನು ಹೇಳಲಾರೆ. ಶೆಡ್ಡಿನಲ್ಲಿ ಜೋಪಾನವಾಗಿ ಇಟ್ಟವು ಅಲ್ಲಿಯೂ ಇವೆ. ಆದರೂ ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಜೊತೆಗೆ ಗಾಳಿಯಲ್ಲಿ ಸಮುದ್ರದ ಉಪ್ಪು. ಚಿತ್ರದುರ್ಗದಲ್ಲಿ ಬೀಳುವ ಮಳೆ ಅದರ ಆರನೇ ಒಂದು ಭಾಗದಷ್ಟೂ ಇಲ್ಲ. ಬಳ್ಳಾರಿ, ರಾಯಚೂರು, ವಿಜಯಪುರದ ಕಡೆ ಬಿಸಿಲಿಗೆ ಬಣ್ಣ ಸುಟ್ಟುಹೋಗಿ, ಡ್ಯಾಶ್‌ಬೋರ್ಡ್ ಬಿರಿದು, ನೋಡಲು ಪಾಪ ಎನಿಸುವ ಕಾರುಗಳ ತಳ ಗಟ್ಟಿಯಾಗಿರುವುದನ್ನು ನೋಡಿದ್ದೇನೆ. ಎಲ್ಲಿ ನೋಂದಣಿಯಾಗಿದೆ ಎಂಬುದಕ್ಕಿಂತ ಎಷ್ಟು ಮಳೆಗಾಲಗಳನ್ನು ಎಲ್ಲಿ ಕಳೆದಿದೆ ಎಂಬುದನ್ನು ವಿಚಾರಿಸುವುದು ಉಪಯುಕ್ತ.

ಎಂಜಿನ್ನಿನ ಬಗ್ಗೆ ಸ್ವಲ್ಪ

ಕೊಳ್ಳುವವರು ಅತಿ ಹೆಚ್ಚು ಹೆದರುವುದು ಎಂಜಿನ್ನಿಗೆ. ನನ್ನ ಮಟ್ಟಿಗೆ ಅದು ಎರಡನೆಯ ವಿಷಯ. 1089 ಸಿಸಿಯ ಆ ನಾಲ್ಕು ಸಿಲಿಂಡರಿನ ಎಂಜಿನ್ ಸರಳವಾದದ್ದು. ಸಿಲಿಂಡರ್ ಸವೆದು ಬೋರಿಗೆ ಬಂದಿದ್ದರೆ ಬೋರ್ ಮಾಡಿಸಬಹುದು, ಪಿಸ್ಟನ್ ರಿಂಗ್ ಹಾಕಿಸಬಹುದು, ಅದನ್ನು ಕೈಬಲ್ಲ ಮೆಕ್ಯಾನಿಕ್‌ಗಳು ಮೈಸೂರು, ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಲ್ಲಿ ಇನ್ನೂ ಇದ್ದಾರೆ. ಖರ್ಚು ಎಷ್ಟಾಗುತ್ತದೆಂದು ಮೊದಲೇ ಹೇಳಬಹುದು. ತಗಡಿನ ಕೆಲಸದಲ್ಲಿ ಬಿಚ್ಚುವವರೆಗೆ ಯಾರೂ ಏನೂ ಹೇಳಲಾರರು.

ಆದರೂ ನೋಡಬೇಕಾದದ್ದನ್ನು ನೋಡಲೇಬೇಕು. ನಾವು ತಲುಪುವ ಮೊದಲೇ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟಿದ್ದರೆ, ಅದು ತಣ್ಣಗಾಗುವವರೆಗೆ ಕಾಯುವ ತಾಳ್ಮೆ ಬೇಕು. ತಣ್ಣಗಿನ ಎಂಜಿನ್ ಮೊದಲು ಹಿಡಿದಾಗ ಬರುವ ಹೊಗೆ, ಟ್ಯಾಪೆಟ್ಟಿನ ಸದ್ದು, ಬೇರಿಂಗಿನ ಬಡಿತ, ಇವೆಲ್ಲ ಬಿಸಿಯಾದ ಮೇಲೆ ಬದಲಾಗುತ್ತವೆ. ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ರಿಂಗ್ ಸವೆದ ಎಂಜಿನ್ ಅಲ್ಲಿಂದ ಬುಸುಬುಸು ಹೊಗೆಯುಗುಳುತ್ತದೆ. ಆ ಮುಚ್ಚಳದ ಒಳಬದಿಯಲ್ಲಿ ಕಾಫಿ ಹಾಲಿನ ಬಣ್ಣದ ಜಿಡ್ಡು ಇದ್ದರೆ ಆಯಿಲ್ಲಿಗೆ ನೀರು ಸೇರಿದೆಯೇ ಎಂದು ಪರೀಕ್ಷಿಸಬೇಕು. ಪದ್ಮಿನಿಯ ಎಂಜಿನ್ನಿನಲ್ಲಿ ಮೇಲಿನ ಮುಚ್ಚಳದಂಥ ಹೆಡ್ ಅಲ್ಯೂಮಿನಿಯಂ, ಸಿಲಿಂಡರುಗಳಿರುವ ಬ್ಲಾಕ್ ಎರಕದ ಕಬ್ಬಿಣ. ಕೂಲಂಟ್ ಹಾಕದೆ ವರ್ಷಗಟ್ಟಲೆ ಬಾವಿ ನೀರನ್ನೋ ಬೋರ್‌ವೆಲ್ ನೀರನ್ನೋ ತುಂಬಿ ಓಡಿಸಿದ ಕಾರುಗಳಲ್ಲಿ ಆ ಹೆಡ್ಡಿನ ನೀರಿನ ದಾರಿಗಳು ಒಳಗೊಳಗೇ ತಿಂದುಹೋಗಿರುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಅದು ಗೊತ್ತಾಗುವುದಿಲ್ಲ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಎರಡನೇ ಗೇರಿನಲ್ಲಿ ಹತ್ತುವಾಗ ನೀರು ಕುದಿದು ಹೊರಬರುತ್ತದೆ.

ಈ ಬಿಸಿಯೇರುವ ತೊಂದರೆಗೆ ನಮ್ಮಲ್ಲಿ ಚಾಲ್ತಿಯಲ್ಲಿದ್ದ ಮದ್ದು, ನೀರಿನ ಬಿಸಿಗೆ ತಕ್ಕಂತೆ ಅದರ ಹರಿವನ್ನು ತಡೆಯುವ, ಬಿಡುವ ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವುದು. ನೀರು ತಡೆಯಿಲ್ಲದೆ ಸುತ್ತುತ್ತದೆ, ಬಿಸಿ ತುಸು ಇಳಿದಂತೆ ಕಾಣುತ್ತದೆ, ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದ ಮೂಲ ದೋಷ ಹಾಗೆಯೇ ಉಳಿಯುತ್ತದೆ. ಆಯಿಲ್ ಒತ್ತಡದ ಕೆಂಪು ದೀಪದ ಕಥೆಯೂ ಅಷ್ಟೇ. ಕೀ ತಿರುಗಿಸಿದೊಡನೆ ಅದು ಹೊತ್ತಿ, ಎಂಜಿನ್ ಹಿಡಿದ ಮೇಲೆ ಆರಬೇಕು. ಕೀ ತಿರುಗಿಸಿದಾಗಲೇ ಹೊತ್ತದಿದ್ದರೆ, ದೀಪ ಸುಟ್ಟಿರಬಹುದು ಅಥವಾ ಯಾರೋ ಅದರ ವಯರನ್ನು ಬಿಡಿಸಿರಬಹುದು. ಹೊಗೆ ಕಡಿಮೆ ಮಾಡಲು ಅತಿ ದಪ್ಪನೆಯ ಆಯಿಲ್ ಸುರಿಯುವುದು ಇನ್ನೊಂದು. ಇವು ಯಾವುವೂ ದೋಷವನ್ನು ಕಳೆಯುವುದಿಲ್ಲ, ದೋಷದ ಸುಳಿವನ್ನು ಕಳೆಯುತ್ತವೆ. ಹಳೆಯ ಕಾರಿನಲ್ಲಿ ನಾನು ಹುಡುಕುವುದು ಅಂಥ ಮುಚ್ಚಿದ ಸುಳಿವುಗಳನ್ನೇ. ಕೆಟ್ಟಿರುವ ಭಾಗವೊಂದು ಕೆಟ್ಟಂತೆಯೇ ಕಾಣುತ್ತಿದ್ದರೆ ಬೆಲೆ ಮಾತಾಡಬಹುದು.

ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಬಗ್ಗೆ ಒಂದು ಮಾತು. ಗ್ರೀಸ್ ಹೊಡೆಯದೆ ಬಿಟ್ಟರೆ ಅದು ಬೇಗ ಸವೆಯುತ್ತದೆ. ಚಕ್ರವನ್ನು ನೆಲದಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಬೇಕು; ಅಲುಗಿದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಾಡಿಸಬೇಕು. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಚಕ್ರದ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್‌ಪಿನ್ ಸವೆದಿದೆ. ವಯರಿಂಗ್ ನೋಡಲು ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಹಿಡಿದರೆ ಸಾಕು. ಟೇಪು ಸುತ್ತಿದ ಗಂಟುಗಳು ಗೊಂಚಲುಗಟ್ಟಲೆ ಕಂಡರೆ ಎಲ್ಲವನ್ನೂ ಹೊಸದಾಗಿ ಎಳೆಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಪೆಟ್ರೋಲಿನ ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನೊಳಗಿನ ಪೊರೆಯಾದ ಡಯಾಫ್ರಮ್ಮನ್ನೂ ಯಾವ ಸ್ಥಿತಿಯಲ್ಲಿದ್ದರೂ ಬದಲಿಸುವುದು ಲೇಸು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅದು ಆ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ. ನಿಂತೇ ಇರುವ ಕಾರು ಓಡಿದ ಕಾರಿಗಿಂತ ಒಳ್ಳೆಯದೆಂಬ ಮಾತನ್ನು ಹಾಗಾಗಿ ನಾನು ಒಪ್ಪುವುದಿಲ್ಲ.

ಮೋಸ ಮತ್ತು ಕೊರತೆ

ಎಣ್ಣೆ ಡಬ್ಬಿಯ ತಗಡಿನ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಅದನ್ನು ಮೋಸವೆಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಆ ರಿವೆಟ್ಟುಗಳು ಹಳೆಯವಾಗಿದ್ದವು, ಬಣ್ಣದಷ್ಟು ಹೊಸದಾಗಿರಲಿಲ್ಲ. ಮಾರಲೆಂದು ಮಾಡಿದ ಕೆಲಸ ಮೇಲಿನ ಬಣ್ಣ ಮಾತ್ರ. ಕೆಳಗಿನ ತೇಪೆ ಯಾವುದೋ ಮಳೆಗಾಲಕ್ಕೆ ಮುನ್ನ, ಕಾರನ್ನು ದಿನವೂ ಓಡಿಸಲೇಬೇಕಿದ್ದ ಯಾರೋ ಮಾಡಿಸಿದ್ದು.

ಮುಂಬೈಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಲ್ಲಿ ತಯಾರಾಗತೊಡಗಿದ ಫಿಯಟ್ 1100 ಡಿಲೈಟ್, ಆಮೇಲೆ ಪದ್ಮಿನಿಯೆಂಬ ಹೆಸರು ಪಡೆದು, ಮೈಯ ಮೂಲ ಆಕಾರ ಹೆಚ್ಚು ಬದಲಾಗದೆ 2000ದ ಹೊತ್ತಿನವರೆಗೂ ಬಂತು. ಅದರ ಬಹುಪಾಲು ಆಯುಸ್ಸು, ಕಾರು ತಯಾರಿಸಲು ಸರ್ಕಾರದ ಅನುಮತಿ ಬೇಕಿದ್ದ ಲೈಸೆನ್ಸ್ ಕಾಲದ್ದು. ಹಣ ಕಟ್ಟಿ ವರ್ಷಗಟ್ಟಲೆ ಕಾದು ಪಡೆದ ಕಾರು ಅದು. ಹೊಸದನ್ನು ತರುತ್ತೇನೆಂದರೆ ಇನ್ನೊಂದು ಸರದಿ. ವೈದ್ಯರು, ವಕೀಲರು, ಕಾಫಿ ತೋಟದವರು, ಟ್ಯಾಕ್ಸಿಯವರು, ಯಾರ ಕೈಯಲ್ಲಿದ್ದರೂ ಕಾರು ಒಂದು ವಾರ ನಿಂತರೆ ಕೆಲಸ ನಿಲ್ಲುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಭಾಗ ಶಿವಾಜಿನಗರದ ಗುಜರಿಯಲ್ಲಿ ಸಿಗಬೇಕು, ಅಲ್ಲೂ ಸಿಗದಿದ್ದರೆ ಲೇತಿನಲ್ಲಿ ಮಾಡಿಸಬೇಕು. ಹೀಗೆ ಸರಿಪಡಿಸಿ ಓಡಿಸಿದ್ದರಿಂದಲೇ ಅವು ಇಂದು ನಮ್ಮ ಕಣ್ಣಿಗೆ ಬೀಳುವಷ್ಟು ಕಾಲ ಬದುಕಿದವು. ಆ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ನಿಜವಾದ ಗೌರವವಿದೆ.

ಗೌರವ ಇದ್ದಮಾತ್ರಕ್ಕೆ ಅವರ ತೇಪೆಗೆ ಲಕ್ಷಗಟ್ಟಲೆ ಕೊಡಬೇಕಾಗಿಲ್ಲ. ಇಪ್ಪತ್ತು ಸಾವಿರಕ್ಕೆ ಕೈ ಬದಲಾಗುತ್ತಿದ್ದ ಕಾಲದಲ್ಲಿ ತೇಪೆ ತೇಪೆಯಾಗಿಯೇ ಇತ್ತು, ಕೊಳ್ಳುವವನಿಗೂ ಅದು ಗೊತ್ತಿತ್ತು. ‘ಕ್ಲಾಸಿಕ್’ ಎಂಬ ಹೆಸರು ಬಿದ್ದು ಬೆಲೆ ಏರಿದ ಮೇಲೆ, ಆ ತೇಪೆಯ ಮೇಲೆ ದುಬಾರಿ ಬಣ್ಣ ಬಂದು ಕೂತಿತು. ಇಲ್ಲಿ ಎರಡು ಕೈಗಳ ಕೆಲಸವಿದೆ, ಎರಡನ್ನೂ ಬೇರೆ ಬೇರೆಯಾಗಿ ಓದಬೇಕು: ಕಾರನ್ನು ಉಳಿಸಲು ಮಾಡಿದ ದುರಸ್ತಿ ಯಾವುದು, ದುರಸ್ತಿಯನ್ನು ಮರೆಮಾಚಲು ಮಾಡಿದ ಅಲಂಕಾರ ಯಾವುದು. ಮೊದಲನೆಯದು ಎಷ್ಟೇ ಒರಟಾಗಿರಲಿ, ಅದರಿಂದ ಕಾರಿನ ಬಗ್ಗೆ ತಿಳಿಯುತ್ತದೆ. ಎರಡನೆಯದು ತಿಳಿಯುವ ದಾರಿಯನ್ನೇ ಮುಚ್ಚುತ್ತದೆ. ನನ್ನ ಸಿಟ್ಟೆಲ್ಲ ಎರಡನೆಯದರ ಮೇಲೆ.

ಬಿಡಿಭಾಗಗಳ ಸ್ಥಿತಿ ಈಗ ಇನ್ನಷ್ಟು ಬಿಗಿಯಾಗಿದೆ. ಮುಂಬೈಯ ಕಪ್ಪು–ಹಳದಿ ಟ್ಯಾಕ್ಸಿಗಳು ಓಡುವವರೆಗೆ ಪದ್ಮಿನಿಯ ಬಿಡಿಭಾಗಗಳಿಗೆ ಒಂದು ದೊಡ್ಡ ಮಾರುಕಟ್ಟೆ ಇತ್ತು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಅಂಥ ಟ್ಯಾಕ್ಸಿಗಳಲ್ಲಿ ಕೆಲವು ಬಣ್ಣ ಬದಲಿಸಿಕೊಂಡು ಖಾಸಗಿ ಕಾರುಗಳಾಗಿ ಬೇರೆ ಊರುಗಳಿಗೆ ಬಂದಿರುವುದೂ ಉಂಟು. ಬಾಗಿಲ ಒಳಅಂಚಿನ ರಬ್ಬರ್ ಸರಿಸಿ ನೋಡಿದರೆ ಕೆಳಗಿನ ಹಳೆಯ ಬಣ್ಣ ಕಾಣುತ್ತದೆ.

ಕಾಗದದಲ್ಲಿ ಅಡಗಿದ ದೋಷ

ಚಿತ್ರದುರ್ಗದ ಹಳೆಯ ಬಡಾವಣೆಯೊಂದರಲ್ಲಿ, ವಕೀಲರಾಗಿದ್ದವರ ಮನೆಯ ಹಿಂದಿನ ಶೆಡ್ಡಿನಲ್ಲಿ 1975ರ ಪದ್ಮಿನಿಯೊಂದು ಇದೆಯೆಂದು ಅದೇ ಗೆಳೆಯನಿಗೆ ಸುದ್ದಿ ಸಿಕ್ಕಿತು. ವಕೀಲರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರ ಪತ್ನಿ ಶೆಡ್ಡಿನ ಬೀಗ ತೆಗೆಸಿ, ನಮಗೆ ಕೂರಲು ಎರಡು ಕುರ್ಚಿ ಹಾಕಿಸಿ, “ನೋಡ್ಕೊಳ್ಳಿ, ಏನಿದೆಯೋ ಅದೇ ಇರೋದು, ನಾವು ಏನೂ ಮಾಡಿಸಿಲ್ಲ” ಎಂದರು. ತಿಳಿನೀಲಿ ಬಣ್ಣ ಸುಣ್ಣದಂತೆ ಮಾಸಿತ್ತು. ಟೈರುಗಳು ನೆಲಕ್ಕೆ ಕೂತಿದ್ದವು. ಮೇಸ್ತ್ರಿಯ ಅಯಸ್ಕಾಂತ ಮುಂದಿನ ಮಡ್‌ಗಾರ್ಡಿನಿಂದ ಡಿಕ್ಕಿಯವರೆಗೆ ಎಲ್ಲೂ ಬೀಳಲಿಲ್ಲ. ಎಡಗಡೆಯ ಹಿಂದಿನ ಮಡ್‌ಗಾರ್ಡಿನಲ್ಲಿ ಒಂದು ತಗ್ಗು ಇತ್ತು. ಅದನ್ನು ಯಾರೂ ಪುಟ್ಟಿ ಮೆತ್ತಿ ಮುಚ್ಚಿರಲಿಲ್ಲ.

ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ನೀಲಿ ರಟ್ಟಿನ ಒಂದು ನೋಟ್‌ಬುಕ್ ಸಿಕ್ಕಿತು. ವಕೀಲರು ಕಾರಿಗೆ ಮಾಡಿಸಿದ ಪ್ರತಿಯೊಂದು ಕೆಲಸವನ್ನೂ ತಾರೀಖು, ಕಿಲೋಮೀಟರ್, ಕೊಟ್ಟ ಹಣದ ಸಮೇತ ದುಂಡಗಿನ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಕ್ಲಚ್ ಪ್ಲೇಟು, ಡೈನಮೊ ರಿವೈಂಡಿಂಗ್, ರೇಡಿಯೇಟರ್ ಬೆಸುಗೆ, ಸ್ಟಿಯರಿಂಗ್ ಪಕ್ಕದ ಗೇರಿನ ಬುಷ್ಷುಗಳು. ಗೆಳೆಯ ಪುಟ ತಿರುವುತ್ತಾ ಖುಷಿಪಡುತ್ತಿದ್ದ. ನನ್ನ ಕಣ್ಣು ನಿಂತದ್ದು ಒಂದು ಸಾಲಿನ ಮೇಲೆ: ಬ್ಲಾಕ್ ಬಿರುಕು ಬಿಟ್ಟದ್ದರಿಂದ ಬೇರೆ ಎಂಜಿನ್ ತಂದು ಕೂರಿಸಿದ್ದು. ಆರ್‌ಸಿ ಪುಸ್ತಕ ತೆಗೆದು, ಬ್ಲಾಕಿನ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ನೋಡಿದೆವು. ಎಂಜಿನ್ ನಂಬರ್ ಬೇರೆ. ನೋಟ್‌ಬುಕ್ಕಿನಲ್ಲಿ ಮಾಲೀಕರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದ ಸಂಗತಿ ಸರ್ಕಾರದ ಕಾಗದಕ್ಕೆ ತಲುಪಿಯೇ ಇರಲಿಲ್ಲ. ಎಂಜಿನ್ ಬದಲಾದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ತಂದ ಎಂಜಿನ್ನಿನ ರಶೀದಿ ನೋಟ್‌ಬುಕ್ಕಿನ ಹಿಂಬದಿಯ ಲಕೋಟೆಯಲ್ಲಿದ್ದದ್ದು ಅದೃಷ್ಟ. ರಶೀದಿಯಿಲ್ಲದ ಎಂಜಿನ್ ಯಾವ ಕಾರಿನದು, ಆ ಕಾರಿಗೇನಾಯಿತು ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುವುದು ಕೊನೆಗೆ ಕೊಂಡವರೇ.

ಎರಡನೆಯ ತೊಡಕು ಮಾಲೀಕತ್ವದ್ದು. ಆರ್‌ಸಿ ಇನ್ನೂ ವಕೀಲರ ಹೆಸರಿನಲ್ಲಿಯೇ ಇತ್ತು. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು ಎಂಬುದು ನಿಯಮ. ದುಃಖದಲ್ಲಿರುವ ಮನೆಯವರಿಗೆ ಶೆಡ್ಡಿನ ಕಾರು ನೆನಪಾಗುವುದಿಲ್ಲ. ಆಮೇಲೆ ಮಾರುವಾಗ ಬ್ರೋಕರ್ ಯಾರಾದರೂ, ಮಾರಾಟದ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಮನೆಯವರಿಂದಲೇ ತೀರಿಕೊಂಡವರ ಹೆಸರಿನ ಸಹಿ ಹಾಕಿಸಿಬಿಡೋಣ ಎಂದು ಸುಲಭದ ದಾರಿ ತೋರಿಸುತ್ತಾರೆ. ತೀರಿಕೊಂಡವರ ಸಹಿ ಹಾಕಿಸಿದ ಕಾಗದದ ಮೇಲೆ ಕೊಂಡ ಕಾರು ಎಂದಿಗೂ ನೆಮ್ಮದಿಯಿಂದ ನಮ್ಮದಾಗುವುದಿಲ್ಲ. “ಅಮ್ಮಾ, ಮೊದಲು ನಿಮ್ಮ ಹೆಸರಿಗೆ ಆಗ್ಲಿ, ಆಮೇಲೆ ನಾವು ತಗೋತೀವಿ” ಎಂದು ಗೆಳೆಯ ಹೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರಪ್ಪ, ಅವರ ಒಪ್ಪಿಗೆಯೂ ಬೇಕಲ್ಲ” ಎಂದರು. ಬೇಕಿತ್ತು. ನಾಡಕಚೇರಿಯ ವಂಶವೃಕ್ಷ, ಮಕ್ಕಳಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ, ಮರಣ ಪ್ರಮಾಣಪತ್ರ, ಇವೆಲ್ಲ ಕೂಡಿಬರಲು ತಿಂಗಳುಗಳು ಹಿಡಿದವು. ಈ ನಡುವೆ ಕಾರಿನ ಕೈಬರಹದ ಆರ್‌ಸಿಯ ವಿವರ ‘ವಾಹನ್’ ಕಂಪ್ಯೂಟರ್ ದಾಖಲೆಗೆ ಸೇರಿರಲೇ ಇಲ್ಲವೆಂಬುದು ತಿಳಿಯಿತು. ಅದು ಸೇರದೆ ನೋಂದಣಿ ನವೀಕರಣವೂ ಇಲ್ಲ, ಹೊಸ ಸುರಕ್ಷಾ ನಂಬರ್ ಪ್ಲೇಟೂ ಇಲ್ಲ.

1989ಕ್ಕೆ ಮುಂಚಿನ ಮೂರಕ್ಷರದ ನಂಬರುಗಳಿಗೆ, ಅದರಲ್ಲೂ ಹಳೆಯ ಮೈಸೂರು ರಾಜ್ಯದ ಕಾಲದವಕ್ಕೆ, ಈಗ ಬಹಳ ಮೋಹವಿದೆ. ಆ ಮೋಹದಿಂದಲೇ ಇನ್ನೊಂದು ಅಪಾಯವೂ ಹುಟ್ಟಿದೆ: ಎಂದೋ ಗುಜರಿಗೆ ಹೋದ ಕಾರಿನ ಕಾಗದವನ್ನು ಬೇರೊಂದು ಕಾರಿಗೆ ತಗುಲಿಸುವುದು. ಆದ್ದರಿಂದ ಮೈಯ ತಗಡಿನಲ್ಲೇ ಒತ್ತಿರುವ ಷಾಸಿ ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಯೊಂದಿಗೆ ಹೋಲಿಸುವುದನ್ನು ಮುಂಗಡ ಕೊಡುವ ಮೊದಲೇ ಮಾಡಬೇಕು. ಅಂಕಿಗಳ ಸುತ್ತಲಿನ ತಗಡಿನಲ್ಲಿ ಬೆಸುಗೆಯ ಗೆರೆಯಿದ್ದರೆ ಅಲ್ಲಿಗೇ ಮಾತು ಮುಗಿಸಿ ಹೊರಡುವುದು ಒಳ್ಳೆಯದು. ಹಿಂದೆ ಸಾಲ ಕೊಟ್ಟ ಸಂಸ್ಥೆಯ ಹೆಸರು ಆರ್‌ಸಿಯಲ್ಲಿ ಉಳಿದು, ಆ ಸಂಸ್ಥೆಯೇ ಈಗ ಇಲ್ಲವಾಗಿರುವ ಕಾರುಗಳೂ ಇವೆ. ಹೊರರಾಜ್ಯದ ಕಾರಾದರೆ ಎನ್‌ಒಸಿ, ಕರ್ನಾಟಕದ ತೆರಿಗೆ, ಮರುನೋಂದಣಿ ಇವುಗಳ ಮೊತ್ತವನ್ನು ಆರ್‌ಟಿಒದಲ್ಲಿ ನೇರವಾಗಿ ಕೇಳಿ ತಿಳಿಯಬೇಕು, ಮಾರುವವರ ಬಾಯಿಂದಲ್ಲ.

ಐವತ್ತು ದಾಟಿದ ಮೇಲೆ

1975ರ ಕಾರಾದ್ದರಿಂದ ಗೆಳೆಯನ ಮುಂದೆ ಇನ್ನೊಂದು ಆಯ್ಕೆಯೂ ಬಂತು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಆಮೇಲಿನ ಮರುನೋಂದಣಿಗೆ 5,000. ಹಳೆಯ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ, ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಇದಕ್ಕಿಂತ ಮುಖ್ಯವಾದ ಷರತ್ತು, ಕಾರು ಮೂಲ ರೂಪದಲ್ಲಿರಬೇಕು. ಷಾಸಿ, ಮೈ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ತೊಂಬತ್ತರ ದಶಕದಲ್ಲಿ ಪೆಟ್ರೋಲ್ ಖರ್ಚು ತಾಳಲಾರದೆ ಡೀಸೆಲ್ ಎಂಜಿನ್ ಕೂರಿಸಿಕೊಂಡ ಎಷ್ಟೋ ಅಂಬಾಸಿಡರ್, ಫಿಯಟ್ಟುಗಳು ಈ ಬಾಗಿಲಿನಿಂದ ಒಳಗೆ ಬರಲಾರವು. ವಿಂಟೇಜ್ ಮಾಡಿಸಿಕೊಳ್ಳಬಹುದು ಎಂಬ ಭರವಸೆಯ ಮೇಲೆ ಹೆಚ್ಚು ಬೆಲೆ ಕೇಳುವವರಿಗೆ ಈ ಷರತ್ತನ್ನು ನೆನಪಿಸಬೇಕು.

ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಂಡರೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಗೆಳೆಯ ಎರಡನ್ನೂ ತೂಗಿ ನೋಡಿ ಸಾಮಾನ್ಯ ನೋಂದಣಿಯನ್ನೇ ಆರಿಸಿದ, ಏಕೆಂದರೆ ಅವನಿಗೆ ಬೇಕಾಗಿದ್ದದ್ದು ಹೊಳಲ್ಕೆರೆಯ ತಂಗಿಯ ಮನೆಗೆ ಭಾನುವಾರ ಓಡಿಸಿಕೊಂಡು ಹೋಗಬಹುದಾದ ಕಾರು. ವಕೀಲರ ಪತ್ನಿಯ ಹೆಸರಿಗೆ ವರ್ಗವಾದ ಮೇಲೆ, ರಶೀದಿ ಹಾಜರುಪಡಿಸಿ ಎಂಜಿನ್ ನಂಬರ್ ನಮೂದಾದ ಮೇಲೆ, ಅವನು ಹಣ ಕೊಟ್ಟು ಕಾರನ್ನು ಟೆಂಪೋದಲ್ಲಿ ತಂದ. ನೀಲಿ ನೋಟ್‌ಬುಕ್ಕನ್ನು ಆಕೆಗೇ ಕೊಡಲು ಹೋದಾಗ, ಅದು ಕಾರಿನ ಜೊತೆಗೇ ಇರಲಿ ಎಂದರಂತೆ. ಬಣ್ಣಕ್ಕೆ ಅವನು ಕೈಹಾಕಿಲ್ಲ. ಕೂಡಿಟ್ಟ ಹಣ ಮೊದಲು ಬ್ರೇಕಿಗೆ, ವಯರಿಂಗಿಗೆ, ಪೆಟ್ರೋಲ್ ಪೈಪುಗಳಿಗೆ ಹೋಗಿದೆ. ಕಿಂಗ್‌ಪಿನ್ ಸೆಟ್ ಈ ವಾರ ಬರಬೇಕಿದೆ, ಬಂದೊಡನೆ ಮೇಸ್ತ್ರಿಗೆ ಪರಿಚಯದ ಮೆಕ್ಯಾನಿಕ್ ಅದನ್ನು ಕೂರಿಸುತ್ತಾನೆ.